ಐದು ಪರಮಾಣುಗಳ ಗೋಡೆ

ಮೊಬೈಲು, ಕಂಪ್ಯೂಟರುಗಳ ಒಳಗಿನ ಟ್ರಾನ್ಸಿಸ್ಟರ್‌ಗೂ ಮುಪ್ಪು ಬರುತ್ತದೆ. ಅದು ಮೊದಲು ಅಡರುವುದು ಕಣ್ಣಿಗೆ ಕಾಣದ ಒಂದು ಗಾಜಿನ ಪದರಕ್ಕೆ. ಆ ಪದರದ ಆಯಸ್ಸು ಎಣಿಸುವವರ ಕಥೆ ಇದು.

2011ರ ಜನವರಿ 31. ಇಂಟೆಲ್ ಕಂಪನಿಯ ಹೊಸ ‘ಸ್ಯಾಂಡಿ ಬ್ರಿಜ್’ ಪ್ರೊಸೆಸರ್‌ಗಳು ಮಾರುಕಟ್ಟೆಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಅವುಗಳ ಜೊತೆಯಲ್ಲಿ ಕೆಲಸ ಮಾಡಬೇಕಿದ್ದ ‘ಕೂಗರ್ ಪಾಯಿಂಟ್’ ಎಂಬ ಚಿಪ್‌ನ ರವಾನೆ ನಿಲ್ಲಿಸಿದ್ದೇವೆ ಎಂದು ಕಂಪನಿ ಅಂದು ಪ್ರಕಟಿಸಿತು. ಕಾರ್ಖಾನೆಯ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿಯೇ ಹೊರಬಿದ್ದಿದ್ದ ಚಿಪ್ ಅದು. ಕೊಂಡವರ ಮನೆಗಳಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಕಂಪ್ಯೂಟರ್ ತಯಾರಕರು ಬಿಸಿಯನ್ನೂ ವೋಲ್ಟೇಜನ್ನೂ ಏರಿಸಿ ಗೋಳು ಹೊಯ್ದುಕೊಂಡು ನೋಡಿದಾಗ, ಹಾರ್ಡ್ ಡಿಸ್ಕ್ ಜೋಡಿಸುವ ಆರು ಪೋರ್ಟ್‌ಗಳಲ್ಲಿ ನಾಲ್ಕು ನಿಧಾನಕ್ಕೆ ಸೊರಗತೊಡಗಿದ್ದವು. ಉಳಿದೆರಡು ಗಟ್ಟಿಯಾಗಿದ್ದವು.

ಬೆನ್ನು ಹತ್ತಿ ಹೋದ ಎಂಜಿನಿಯರುಗಳು ನಿಂತದ್ದು ಒಂದು ಟ್ರಾನ್ಸಿಸ್ಟರ್ ಮುಂದೆ. ಆ ನಾಲ್ಕು ಪೋರ್ಟ್‌ಗಳಿಗೆ ತಾಳ ಹಾಕಿಕೊಡುವ ಕ್ಲಾಕ್ ಸರ್ಕಿಟ್‌ನಲ್ಲಿ ಅದು ಕೂತಿತ್ತು. ಅದರ ಗೇಟ್ ಕೆಳಗಿನ ಅವಾಹಕ ಪದರ ಬಹಳ ತೆಳು. ಕೊಟ್ಟ ವೋಲ್ಟೇಜು ಆ ತೆಳುವಿಗೆ ಭಾರ. ಪದರದಲ್ಲಿ ಕರೆಂಟು ಸೋರುತ್ತಿತ್ತು, ಸೋರಿಕೆ ದಿನ ಹೋದಂತೆ ಹೆಚ್ಚುತ್ತಿತ್ತು. ರಿಪೇರಿ ಮತ್ತು ಬದಲಿ ಚಿಪ್‌ಗಳಿಗೆ ಇಂಟೆಲ್ ಅಂದಾಜಿಸಿದ ಖರ್ಚು 70 ಕೋಟಿ ಡಾಲರ್. ಕೈತಪ್ಪಿದ ವ್ಯಾಪಾರ ಇನ್ನೂ 30 ಕೋಟಿ.

ನೂರು ಕೋಟಿ ಡಾಲರ್ ನುಂಗಿದ ಆ ಪದರ ಯಾವುದು, ಅದು ಸವೆಯುವುದಾದರೂ ಹೇಗೆ?

ತುಕ್ಕೇ ವರವಾದದ್ದು

ನಮ್ಮ ಹಿರಿಯರಿಗೆ ಟ್ರಾನ್ಸಿಸ್ಟರ್ ಅಂದರೆ ರೇಡಿಯೊ. ಚರ್ಮದ ಕವಚ ತೊಟ್ಟು, ಹೆಗಲಿಗೆ ತೂಗುಬಿದ್ದು ಹೊಲಗದ್ದೆಗೂ ಬರುತ್ತಿದ್ದ ಪೆಟ್ಟಿಗೆ. ಅದರೊಳಗೆ ಬೆರಳಲ್ಲಿ ಎಣಿಸಬಹುದಾದಷ್ಟು ಟ್ರಾನ್ಸಿಸ್ಟರ್‌ಗಳಿರುತ್ತಿದ್ದವು. ಇಂದಿನ ಚಿಪ್‌ಗಳಲ್ಲಿರುವ ಜಾತಿಯೇ ಬೇರೆ. 2020ರಲ್ಲಿ ಬಂದ ಆಪಲ್‌ನ ‘ಎಂ1’ ಚಿಪ್ ಒಂದರಲ್ಲೇ ಅಂಥವು 1,600 ಕೋಟಿ.

ಈ ಜಾತಿಯ ಟ್ರಾನ್ಸಿಸ್ಟರನ್ನು ಅರಿಯಲು ಕೆರೆಯ ತೂಬನ್ನು ನೆನೆಯಬೇಕು. ತೂಬು ಎತ್ತಿದರೆ ನೀರು ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಇಲ್ಲಿ ಹರಿಯುವುದು ಎಲೆಕ್ಟ್ರಾನು, ತೂಬಿನ ಕೆಲಸ ‘ಗೇಟ್’ನದು. ಆದರೆ ಈ ತೂಬು ನೀರನ್ನು ಮುಟ್ಟುವುದೇ ಇಲ್ಲ. ಗೇಟ್‌ಗೂ ಕೆಳಗಿನ ಸಿಲಿಕಾನ್ ಕಾಲುವೆಗೂ ನಡುವೆ ಕರೆಂಟು ಹರಿಯಬಿಡದ ಪದರವೊಂದಿದೆ. ಆ ಪದರದ ಈಚೆ ಕೂತು, ತನ್ನ ವಿದ್ಯುತ್ ಕ್ಷೇತ್ರದ ಬಲದಿಂದಲೇ ಗೇಟ್ ಆಚೆಯ ಎಲೆಕ್ಟ್ರಾನುಗಳನ್ನು ಕರೆಯುತ್ತದೆ, ಓಡಿಸುತ್ತದೆ. ಪದರ ತೆಳುವಾದಷ್ಟೂ ಹಿಡಿತ ಬಿಗಿ.

ಈ ಉಪಾಯವನ್ನು ಜೂಲಿಯಸ್ ಲಿಲಿಯನ್‌ಫೆಲ್ಡ್ 1920ರ ದಶಕದಲ್ಲೇ ಪೇಟೆಂಟ್ ಅರ್ಜಿಯಲ್ಲಿ ಬರೆದಿಟ್ಟಿದ್ದರು. ಕೈಗೂಡಿದ್ದು ಮಾತ್ರ 1959ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಈಜಿಪ್ಟ್ ಮೂಲದ ಮೊಹಮ್ಮದ್ ಅಟಾಲ ಮತ್ತು ಕೊರಿಯಾ ಮೂಲದ ಡಾವನ್ ಕಾಂಗ್ ಅದನ್ನು ಸಾಧಿಸಿದರು. ಅವರ ಬಲಗೈ ಬಂಟನಾಗಿ ನಿಂತದ್ದು ಸಿಲಿಕಾನಿನ ತುಕ್ಕು. ಬಿಸಿ ಕುಲುಮೆಯಲ್ಲಿ ಆಮ್ಲಜನಕ ಹಾಯಿಸಿದರೆ ಸಿಲಿಕಾನ್ ತನ್ನ ಮೈಮೇಲೆ ತಾನೇ ಸಿಲಿಕಾನ್ ಡೈಆಕ್ಸೈಡ್ ಬೆಳೆಸಿಕೊಳ್ಳುತ್ತದೆ. ಅದು ಅಪ್ಪಟ ಗಾಜು, ಒಳ್ಳೆಯ ಅವಾಹಕ. ಹಳೆಯ ರೇಡಿಯೊಗಳಲ್ಲಿದ್ದ ಜರ್ಮೇನಿಯಮ್ಮಿನ ತುಕ್ಕಾದರೋ ನೀರು ತಾಗಿದರೆ ಕರಗಿಹೋಗುತ್ತದೆ. ಕಬ್ಬಿಣಕ್ಕೆ ಶಾಪವಾದದ್ದು ಸಿಲಿಕಾನಿಗೆ ವರವಾಯಿತು. ಇಡೀ ಚಿಪ್ ಉದ್ಯಮ ಈ ತುಕ್ಕಿನ ಮೇಲೆ ಮನೆ ಕಟ್ಟಿತು.

ವರವೇನೂ ಸಲೀಸಾಗಿ ಒಲಿಯಲಿಲ್ಲ. ಆರಂಭದ ಟ್ರಾನ್ಸಿಸ್ಟರ್‌ಗಳು ಬೆಳಿಗ್ಗೆ ಒಂದು ವೋಲ್ಟೇಜಿಗೆ ತೆರೆದುಕೊಂಡರೆ ಸಂಜೆ ಇನ್ನೊಂದಕ್ಕೆ ತೆರೆದುಕೊಳ್ಳುತ್ತಿದ್ದವು. ಕಾರಣ ಹುಡುಕಿದವರು ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಕಂಪನಿಯ ಸ್ನೋ, ಗ್ರೋವ್, ಡೀಲ್ ಮತ್ತು ಸಾ. ಗಾಜಿನೊಳಗೆ ಸೋಡಿಯಂ ಅಯಾನುಗಳು ಅಡ್ಡಾಡುತ್ತಿವೆ ಎಂದು 1965ರಲ್ಲಿ ಅವರು ಬರೆದರು. ಉಪ್ಪಿನಲ್ಲಿರುವ ಅದೇ ಸೋಡಿಯಂ. ಬೆರಳಿನ ಬೆವರು ಸಾಕು, ಪದರ ಕೆಡಿಸಲು. ಚಿಪ್ ಕಾರ್ಖಾನೆಯ ಮಡಿ ಬಿಗಿಯಾಗುತ್ತ ಹೋಗಲು ಇದೂ ಒಂದು ಕಾರಣ. ಆ ನಾಲ್ವರಲ್ಲಿ ಒಬ್ಬರಾದ ಆಂಡ್ರ್ಯೂ ಗ್ರೋವ್ ಮುಂದೆ ಇಂಟೆಲ್‌ನ ಚುಕ್ಕಾಣಿ ಹಿಡಿದರು.

ನೂರರಿಂದ ಒಂದಕ್ಕೆ

ಅಟಾಲ ಮತ್ತು ಕಾಂಗ್ ಬೆಳೆಸಿದ ಪದರ ಸುಮಾರು 100 ನ್ಯಾನೋಮೀಟರ್ ದಪ್ಪವಿತ್ತು. ಟ್ರಾನ್ಸಿಸ್ಟರಿನ ಉದ್ದ, ಅಗಲ, ಪದರದ ದಪ್ಪ, ವೋಲ್ಟೇಜು ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಇಳಿಸುತ್ತ ಹೋದರೆ ಚಿಪ್ ಚುರುಕಾಗುತ್ತದೆ, ಬಿಸಿಯೂ ಏರುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಸೂತ್ರ ಕೊಟ್ಟರು. ಉದ್ಯಮ ಅದನ್ನೇ ಹಿಡಿದು ನಡೆಯಿತು. ಆದರೆ ಪದರ ತೆಳುವಾದಷ್ಟು ವೇಗದಲ್ಲಿ ವೋಲ್ಟೇಜು ಇಳಿಯಲಿಲ್ಲ. 2003ರ ಸುಮಾರಿಗೆ ಇಂಟೆಲ್‌ನ ‘90 ನ್ಯಾನೋಮೀಟರ್’ ಎಂಬ ಹೆಸರಿನ ಚಿಪ್ ತಲೆಮಾರಿನಲ್ಲಿ ಪದರದ ದಪ್ಪ 1.2 ನ್ಯಾನೋಮೀಟರ್. ಪರಮಾಣುಗಳನ್ನು ಒಂದರ ಮೇಲೊಂದು ಪೇರಿಸಿದರೆ ಹೆಚ್ಚೆಂದರೆ ಐದು ಸಾಲು.

ಒಂದು ಸಣ್ಣ ಲೆಕ್ಕ. 1.2 ನ್ಯಾನೋಮೀಟರ್ ಗೋಡೆಯ ಎರಡು ಬದಿಗೆ ಒಂದೇ ಒಂದು ವೋಲ್ಟ್ ಕೊಡಿ. ಮೀಟರಿನ ಲೆಕ್ಕದಲ್ಲಿ ಅದು 83 ಕೋಟಿ ವೋಲ್ಟ್ ಆಗುತ್ತದೆ. ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ವೋಲ್ಟ್ ಸಾಕು. ಗಾಳಿಯನ್ನು ಸೀಳುವ ಬಲದ ಸುಮಾರು 280 ಪಟ್ಟು ಬಲವನ್ನು ಈ ಗೋಡೆ ಹಗಲಿರುಳೂ ತಡೆದು ನಿಲ್ಲಬೇಕು. ನಿಮ್ಮ ಜೇಬಿನಲ್ಲಿ, ತಲೆದಿಂಬಿನ ಪಕ್ಕದಲ್ಲಿ.

ಅದೂ ಪೂರ್ತಿ ತಡೆಯುವುದಿಲ್ಲ. ಇಷ್ಟು ತೆಳು ಗೋಡೆಗೆ ಎಲೆಕ್ಟ್ರಾನು ಡಿಕ್ಕಿ ಹೊಡೆಯಬೇಕಿಲ್ಲ, ಹತ್ತಿ ಹಾರಬೇಕಿಲ್ಲ. ಕ್ವಾಂಟಂ ನಿಯಮದಂತೆ ಗೋಡೆಯ ಮೂಲಕವೇ ನುಸುಳಿ ಆಚೆ ಬರುತ್ತದೆ. ಪದರ 0.2 ನ್ಯಾನೋಮೀಟರ್ ತೆಳುವಾದಾಗಲೆಲ್ಲ ಈ ನುಸುಳಾಟ ಸುಮಾರು ಹತ್ತು ಪಟ್ಟು ಏರುತ್ತದೆ. ಎರಡು ನ್ಯಾನೋಮೀಟರಿನಿಂದ 1.2ಕ್ಕೆ ಇಳಿದರೆ ಹತ್ತು ಸಾವಿರ ಪಟ್ಟು. ಬೆಲ್ ಪ್ರಯೋಗಾಲಯದ ಡೇವಿಡ್ ಮುಲ್ಲರ್ ಮತ್ತು ಸಂಗಡಿಗರು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ಕೊನೆ ಎಲ್ಲಿ ಎಂಬುದನ್ನೂ ತೋರಿಸಿದರು. ಪದರ ಸುಮಾರು 0.7 ನ್ಯಾನೋಮೀಟರಿಗಿಂತ ತೆಳುವಾದರೆ ಅದರಲ್ಲಿ ಗಾಜಿನ ಗುಣವೇ ಉಳಿಯುವುದಿಲ್ಲ. ಎರಡೂ ಬದಿಯ ಸಿಲಿಕಾನಿನ ಸೆಳಕು ಒಂದನ್ನೊಂದು ಮುಟ್ಟಿ, ನಡುವೆ ಅವಾಹಕ ಅನ್ನಿಸಿಕೊಳ್ಳಲು ಏನೂ ಇರುವುದಿಲ್ಲ.

2007ರಲ್ಲಿ ಇಂಟೆಲ್ ತನ್ನ 45 ನ್ಯಾನೋಮೀಟರ್ ಚಿಪ್‌ಗಳಲ್ಲಿ ಹಾದಿ ಬದಲಿಸಿತು. ಗಾಜಿನ ಜಾಗಕ್ಕೆ ಹಾಫ್ನಿಯಂ ಲೋಹದ ಆಕ್ಸೈಡ್ ಬಂತು. ಕೋಪನ್‌ಹೇಗನ್ನಿನಲ್ಲಿ 1923ರಲ್ಲಿ ಪತ್ತೆಯಾಗಿ ಆ ಊರಿನ ಲ್ಯಾಟಿನ್ ಹೆಸರನ್ನೇ ಹೊತ್ತ ಈ ಲೋಹ ಅಲ್ಲಿಯವರೆಗೆ ಹೆಸರಾಗಿದ್ದು ಪರಮಾಣು ರಿಯಾಕ್ಟರಿನ ನಿಯಂತ್ರಣ ಸರಳುಗಳಿಗೆ. ಇದರ ಡೈಎಲೆಕ್ಟ್ರಿಕ್ ಸ್ಥಿರಾಂಕ ಇಪ್ಪತ್ತರ ಮೇಲೆ, ಗಾಜಿನದು 3.9. ಅಂದರೆ ಐದು ಪಟ್ಟು ದಪ್ಪ ಗೋಡೆ ಕಟ್ಟಿಯೂ ಅಷ್ಟೇ ಹಿಡಿತ ಪಡೆಯಬಹುದು. ಸೋರಿಕೆ ಇಳಿಯಿತು. ಹೊಸ ನೆಂಟನ ಜೊತೆ ಹೊಸ ಕಾಯಿಲೆಯೂ ಬಂತು: ಹಾಫ್ನಿಯಂ ಆಕ್ಸೈಡಿನಲ್ಲಿ ಆಮ್ಲಜನಕ ಇರಬೇಕಾದ ಜಾಗ ಅಲ್ಲಲ್ಲಿ ಖಾಲಿ ಉಳಿಯುತ್ತದೆ, ಎಲೆಕ್ಟ್ರಾನುಗಳು ಅಲ್ಲಿ ಹೊಕ್ಕು ಬೀಡುಬಿಡುತ್ತವೆ. ಸಿಲಿಕಾನಿಗೂ ಹಾಫ್ನಿಯಮ್ಮಿಗೂ ನಡುವೆ ಇಂದಿಗೂ ಕೂದಲೆಳೆಯ ಮಾತಿಗೂ ನಿಲುಕದಷ್ಟು ತೆಳುವಾದ ಗಾಜಿನ ಪದರವೊಂದು ಉಳಿದೇ ಇದೆ. ಹಳೆಯ ತುಕ್ಕನ್ನು ಪೂರ್ತಿ ಬಿಡಲು ಆಗಲಿಲ್ಲ.

ಹಳ್ಳದ ಕಲ್ಲುಗಳು

ಇಂಥ ಗೋಡೆ ಒಡೆಯುವುದು ಹೇಗೆ? ಈ ಪ್ರಶ್ನೆಗೆ 1990ರ ದಶಕದಲ್ಲಿ ಒಂದು ಚಂದದ ಉತ್ತರ ಸಿಕ್ಕಿತು. ಬೆಲ್ಜಿಯಂನ ಐಮೆಕ್ ಸಂಸ್ಥೆಯ ರಾಬಿನ್ ಡೆಗ್ರೇವ್ ಮತ್ತು ಐಬಿಎಂನ ಜೇಮ್ಸ್ ಸ್ಟ್ಯಾಥಿಸ್ ಅದನ್ನು ರೂಪಿಸಿದವರಲ್ಲಿ ಮುಖ್ಯರು.

ಮಲೆನಾಡಿನ ಹಳ್ಳವೊಂದನ್ನು ಕಲ್ಪಿಸಿಕೊಳ್ಳಿ. ಯಾರೋ ಕಣ್ಣು ಮುಚ್ಚಿಕೊಂಡು ಅದರೊಳಗೆ ಒಂದೊಂದೇ ಕಲ್ಲು ಎಸೆಯುತ್ತಿದ್ದಾರೆ. ಕಲ್ಲುಗಳು ಎಲ್ಲೆಂದರಲ್ಲಿ ಬೀಳುತ್ತವೆ, ಯಾರಿಗೂ ತೊಂದರೆಯಿಲ್ಲ. ಒಂದು ದಿನ ಈ ದಡದಿಂದ ಆ ದಡದವರೆಗೆ ಹೆಜ್ಜೆಯಳತೆಯಲ್ಲಿ ಕಲ್ಲುಗಳು ಸಾಲಾಗಿಬಿಡುತ್ತವೆ. ಆ ಗಳಿಗೆಯಲ್ಲಿ ದಾರಿ ತೆರೆಯಿತು. ಅವಾಹಕ ಪದರದಲ್ಲೂ ಹೀಗೆಯೇ. ನುಸುಳುವ ಎಲೆಕ್ಟ್ರಾನುಗಳ ಪೆಟ್ಟಿಗೆ, ಕ್ಷೇತ್ರದ ಎಳೆತಕ್ಕೆ ಅಲ್ಲೊಂದು ಇಲ್ಲೊಂದು ಪರಮಾಣು ಬಂಧ ಕಡಿದು ಗಾಯವಾಗುತ್ತದೆ. ಗಾಯಗಳು ಸಾಲುಗೂಡಿದ ದಿನ ಕರೆಂಟು ಮೆಟ್ಟಿಲು ಮೆಟ್ಟಿಲಾಗಿ ದಾಟುತ್ತದೆ.

ಹಳ್ಳ ಅಗಲವಿದ್ದಾಗ ಬಹಳ ಕಲ್ಲು ಬೇಕು. ಸುಮಾರು ಎಷ್ಟು ದಿನ ಹಿಡಿದೀತು ಎಂದು ಅಂದಾಜಿಸಲು ಸಾಧ್ಯ. ಹತ್ತು ಹಳ್ಳಗಳಲ್ಲಿ ಈ ಕೆಲಸ ನಡೆದರೂ ಎಲ್ಲವೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ತುಂಬುತ್ತವೆ. ಹಳ್ಳ ಎರಡೇ ಹೆಜ್ಜೆ ಅಗಲವಿದ್ದರೆ? ಮೊದಲ ಎರಡು ಕಲ್ಲುಗಳೇ ಅಕ್ಕಪಕ್ಕ ಬಿದ್ದುಬಿಡಬಹುದು, ಸಾವಿರ ಬಿದ್ದರೂ ಸಾಲಾಗದಿರಬಹುದು. ಗೋಡೆ ತೆಳುವಾದಂತೆ ಅದರ ಸರಾಸರಿ ಆಯಸ್ಸು ಕುಗ್ಗುವುದು ಒಂದು ಕಷ್ಟ; ಆಯಸ್ಸನ್ನು ಊಹಿಸಲು ಆಗದೇ ಹೋಗುವುದು ಅದಕ್ಕಿಂತ ದೊಡ್ಡ ಕಷ್ಟ. ಒಂದೇ ದಿನ, ಒಂದೇ ಕುಲುಮೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬನಿಗೆ ನೂರು ವರ್ಷ, ಇನ್ನೊಬ್ಬನಿಗೆ ಆರು ತಿಂಗಳು.

ಬಾವಿಯ ಹಗ್ಗ ಕಡಿಯುವುದು ಅದರ ಅತಿ ಸವೆದ ಜಾಗದಲ್ಲಿ. ಉಳಿದ ಉದ್ದವೆಲ್ಲ ಹೊಸದರಂತಿದ್ದರೂ ಕೊಡ ಬಾವಿಗೇ. ಸ್ವೀಡನ್ನಿನ ಎಂಜಿನಿಯರ್ ವಾಲೊಡಿ ವೈಬುಲ್ ವಸ್ತುಗಳು ಮುರಿಯುವ ಬಗೆಯನ್ನು ಈ ದಾರಿಯಲ್ಲೇ ಲೆಕ್ಕಕ್ಕೆ ತಂದಿದ್ದರು. 1951ರ ಅವರ ಪ್ರಬಂಧದ ಗಣಿತವನ್ನೇ ಚಿಪ್ ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳಿರುವ ಚಿಪ್‌ನಲ್ಲಿ ಸರಾಸರಿಯವನ ಆಯಸ್ಸು ಯಾರಿಗೂ ಬೇಡ. ಎಲ್ಲರಿಗಿಂತ ಮೊದಲು ಸಾಯುವವನು ಯಾವಾಗ ಸಾಯುತ್ತಾನೆ ಎಂಬುದೇ ಪ್ರಶ್ನೆ.

ಇಲ್ಲೊಂದು ಸಮಾಧಾನವೂ ಇದೆ. ದಪ್ಪ ಪದರ ಒಡೆದರೆ ಸಿಡಿದಂತೆ ಒಡೆಯುತ್ತದೆ, ಟ್ರಾನ್ಸಿಸ್ಟರ್ ಅಲ್ಲಿಗೆ ಮುಗಿಯಿತು. ತೀರಾ ತೆಳು ಪದರ, ಕಡಿಮೆ ವೋಲ್ಟೇಜಿದ್ದಾಗ ಮೆತ್ತಗೆ ಬಿರುಕು ಬಿಡುತ್ತದೆ. ಸೋರುತ್ತಲೇ ಕೆಲಸ ಮಾಡುತ್ತದೆ. ಐಮೆಕ್‌ನ ಬೆನ್ ಕಾಚರ್ ಮತ್ತು ಸಂಗಡಿಗರು ಕೆಲವು ಟ್ರಾನ್ಸಿಸ್ಟರ್‌ಗಳ ಪದರ ಒಡೆದ ಮೇಲೂ ಸರ್ಕಿಟ್ ಮಿಡಿಯುತ್ತಲೇ ಇರುವುದನ್ನು 2000ದ ಹೊತ್ತಿಗೆ ತೋರಿಸಿದರು.

ಕಳಚುವ ಹೈಡ್ರೋಜನ್

ಗೋಡೆ ಒಡೆಯುವುದು ಮೊದಲ ಕಾಯಿಲೆ. ಎರಡನೆಯ ಕಾಯಿಲೆ ಸದ್ದೇ ಮಾಡುವುದಿಲ್ಲ. ಸಿಲಿಕಾನೂ ಗಾಜೂ ಕೂಡುವ ಗಡಿಯಲ್ಲಿ ಪರಮಾಣುಗಳ ಲೆಕ್ಕ ಸರಿಹೊಂದುವುದಿಲ್ಲ. ನೂರಾರು ಸಿಲಿಕಾನ್ ಪರಮಾಣುಗಳಿಗೊಂದರಂತೆ ಜೊತೆ ಸಿಗದೆ ಕೈಚಾಚಿ ನಿಂತಿರುತ್ತದೆ. ಅದಕ್ಕೆ ಮದ್ದಾಗಿ ಕೊನೆಯ ಹಂತದಲ್ಲಿ ಹೈಡ್ರೋಜನ್ ಹಾಯಿಸುತ್ತಾರೆ. ಚಾಚಿದ ಕೈಗೆಲ್ಲ ಒಂದೊಂದು ಹೈಡ್ರೋಜನ್ ಸಿಕ್ಕಿ, ಒಂಟಿಗಳ ಸಂಖ್ಯೆ ಹತ್ತಾರು ಸಾವಿರಕ್ಕೊಂದು ಎಂಬ ಮಟ್ಟಕ್ಕೆ ಇಳಿಯುತ್ತದೆ. ಈ ಮದುವೆ ಗಟ್ಟಿಯಲ್ಲ. ಗೇಟ್‌ಗೆ ಋಣ ವೋಲ್ಟೇಜು ಬಿದ್ದು, ಚಿಪ್ ಬಿಸಿಯಾದಾಗ ಹೈಡ್ರೋಜನ್ ಕಳಚಿಕೊಂಡು ಹೊರಡುತ್ತದೆ. ಹಿಂದೆ ಉಳಿದ ಒಂಟಿ ಕೈ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತದೆ. ತೂಬು ಎತ್ತಲು ಮೊದಲಿಗಿಂತ ಹೆಚ್ಚು ಬಲ ಬೇಕಾಗುತ್ತದೆ, ಟ್ರಾನ್ಸಿಸ್ಟರ್ ಮಂದವಾಗುತ್ತದೆ. ಎಂಜಿನಿಯರುಗಳ ಬಾಯಲ್ಲಿ ಇದು ‘ಎನ್‌ಬಿಟಿಐ’.

1960ರ ದಶಕದಲ್ಲೇ ಇದನ್ನು ಕಂಡಿದ್ದರು. ಸ್ವೀಡನ್ನಿನ ಯೆಪ್ಸನ್ ಮತ್ತು ಸ್ವೆನ್ಸನ್ 1977ರಲ್ಲಿ ಹೈಡ್ರೋಜನ್ ಕಳಚುವ, ಹರಡುವ ಗಣಿತವನ್ನೂ ಬರೆದಿದ್ದರು. ದಪ್ಪ ಪದರದ ಕಾಲದಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಪದರ ತೆಳುವಾಗಿ, ಸೋರಿಕೆ ತಡೆಯಲೆಂದು ಅದಕ್ಕೆ ಸಾರಜನಕ ಬೆರೆಸತೊಡಗಿದ ಮೇಲೆ ಮರೆತ ಕಾಯಿಲೆ ಮರಳಿತು. ಅದರ ನಡೆಯೂ ವಿಚಿತ್ರ. ವೋಲ್ಟೇಜು ತೆಗೆದರೆ ಟ್ರಾನ್ಸಿಸ್ಟರ್ ಒಂದಿಷ್ಟು ಚೇತರಿಸಿಕೊಳ್ಳುತ್ತದೆ. ಎಷ್ಟು ಕೆಟ್ಟಿದೆ ಎಂದು ಅಳೆಯಲು ಒತ್ತಡ ತೆಗೆದು ಮೀಟರ್ ಹಚ್ಚುವಷ್ಟರಲ್ಲಿ ರೋಗಿ ಎದ್ದು ಕೂತಿರುತ್ತಾನೆ!

ಚೇತರಿಕೆ ಯಾಕೆ? ಹೊರಟ ಹೈಡ್ರೋಜನ್ ಹಿಂದಿರುಗುತ್ತದೆ ಎಂದು ಒಂದು ಪಕ್ಷ. ಗಾಜಿನೊಳಗೆ ಸಿಕ್ಕಿಬಿದ್ದ ಚಾರ್ಜು ಬಿಡುಗಡೆಯಾಗುತ್ತದೆ ಎಂದು ಇನ್ನೊಂದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಮುಹಮ್ಮದ್ ಅಶ್ರಫ್ ಆಲಂ, ಐಐಟಿ ಬಾಂಬೆಯ ಸೌವಿಕ್ ಮಹಾಪಾತ್ರ ಹೈಡ್ರೋಜನ್ ಕಡೆಯ ವಾದವನ್ನು ಬೆಳೆಸಿದರು. ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದ ಟಿಬೋರ್ ಗ್ರಾಸರ್ ಚಾರ್ಜಿನ ಕಡೆಯ ವಾದವನ್ನು ವಿಸ್ತರಿಸಿದರು. ಕೆಲವೇ ಪರಮಾಣುಗಳ ಗಡಿಯಲ್ಲಿ ನಡೆಯುವುದೇನು ಎಂಬ ಈ ವಾಗ್ವಾದ ವರ್ಷಗಟ್ಟಲೆ ಸಮ್ಮೇಳನಗಳನ್ನು ಬಿಸಿಯಾಗಿಟ್ಟಿತು.

ಹೈಡ್ರೋಜನ್ ಸುತ್ತ ಇನ್ನೊಂದು ಸೊಗಸಾದ ಪ್ರಸಂಗವಿದೆ. ಕಾಲುವೆಯಲ್ಲಿ ವೇಗವಾಗಿ ಓಡುವ ‘ಬಿಸಿ’ ಎಲೆಕ್ಟ್ರಾನುಗಳು ಡಿಕ್ಕಿ ಹೊಡೆದೂ ಇದೇ ಬಂಧವನ್ನು ಕಡಿಯುತ್ತವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಲೈಡಿಂಗ್ ಸಿಲಿಕಾನ್ ಮೇಲಿನ ಪರಮಾಣುಗಳನ್ನು ಒಂದೊಂದಾಗಿ ಎಬ್ಬಿಸುವ ಪ್ರಯೋಗದಲ್ಲಿದ್ದರು. ಹೈಡ್ರೋಜನ್ ಬದಲು ಅದರ ಭಾರದ ಅಣ್ಣ ಡ್ಯೂಟೀರಿಯಂ ಕೂರಿಸಿದರೆ ಅದು ಸುಲಭಕ್ಕೆ ಏಳುತ್ತಿರಲಿಲ್ಲ. ಹಾಗಾದರೆ ಚಿಪ್‌ಗೂ ಅದನ್ನೇ ಹಾಯಿಸಿದರೆ? ಕಾರ್ಲ್ ಹೆಸ್, ಇಸಿಕ್ ಕಿಜಿಲ್ಯಾಲಿ ಜೊತೆಗೂಡಿ 1996ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಟ್ರಾನ್ಸಿಸ್ಟರ್ ಆಯಸ್ಸು ಹತ್ತರಿಂದ ಐವತ್ತು ಪಟ್ಟು ಹೆಚ್ಚಿತ್ತು. ರಸಾಯನಶಾಸ್ತ್ರ ಅದೇ, ತೂಕ ಮಾತ್ರ ಎರಡರಷ್ಟು.

ಸಾವಿರ ಗಂಟೆ, ಹತ್ತು ವರ್ಷ

ಹತ್ತು ವರ್ಷ ಬಾಳುತ್ತದೆ ಎಂದು ಮಾತು ಕೊಡಬೇಕು. ಹತ್ತು ವರ್ಷ ಕಾದು ನೋಡುವಂತಿಲ್ಲ. ಹಾಗಾಗಿ ಚಿಪ್‌ಗಳನ್ನು 125 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಮಾಮೂಲಿಗಿಂತ ಹೆಚ್ಚು ವೋಲ್ಟೇಜಿನಲ್ಲಿ 1,000 ಗಂಟೆ ಓಡಿಸುತ್ತಾರೆ. ಮಾವನ್ನು ಹುಲ್ಲಿನಲ್ಲಿಟ್ಟು ಬೇಗ ಹಣ್ಣು ಮಾಡಿದಂತೆ ಮುಪ್ಪನ್ನು ಬೇಗ ಬರಿಸಿ, ಆ ಅಂಕಿಗಳಿಂದ ಮಾಮೂಲಿ ಬಳಕೆಯ ಆಯಸ್ಸನ್ನು ಹಿಂದೆಣಿಸುತ್ತಾರೆ.

ಕಷ್ಟ ಇರುವುದು ಈ ಹಿಂದೆಣಿಕೆಯಲ್ಲಿ. ವೋಲ್ಟೇಜು ಇಳಿದಂತೆ ಆಯಸ್ಸು ಯಾವ ಲೆಕ್ಕದಲ್ಲಿ ಏರುತ್ತದೆ? ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಜೋ ಮ್ಯಾಕ್‌ಫರ್ಸನ್ ಒಂದು ಸೂತ್ರ ಹಿಡಿದರು, ಬರ್ಕ್ಲಿಯ ಚೆನ್ಮಿಂಗ್ ಹೂ ಮತ್ತೊಂದು, ಐಬಿಎಂನ ಅರ್ನೆಸ್ಟ್ ವೂ ಇನ್ನೊಂದು. ಪರೀಕ್ಷೆ ನಡೆದ ಹೆಚ್ಚು ವೋಲ್ಟೇಜಿನಲ್ಲಿ ಮೂರೂ ಗೆರೆಗಳು ಒಂದೇ ಚುಕ್ಕೆಗಳ ಮೇಲೆ ಹಾಯುತ್ತವೆ. ಮಾಮೂಲಿ ವೋಲ್ಟೇಜಿಗೆ ಎಳೆದಾಗ ಒಂದೊಂದು ಒಂದೊಂದು ದಿಕ್ಕಿಗೆ ಹೋಗಿ, ಆಯಸ್ಸಿನಲ್ಲಿ ನೂರಾರು ಪಟ್ಟು ವ್ಯತ್ಯಾಸ ಬರುತ್ತದೆ. ಗೋಡೆ ದಪ್ಪವಿದ್ದಾಗ ಎಲ್ಲರಿಗಿಂತ ಕಡಿಮೆ ಹೇಳುವ ಸೂತ್ರವನ್ನೇ ನಂಬಿದರೂ ನಡೆಯುತ್ತಿತ್ತು. ತೆಳುವಾದ ಮೇಲೆ ಅಂಥ ಧಾರಾಳಕ್ಕೆ ಜಾಗವಿಲ್ಲ.

ಹಾಗಾಗಿ ‘ಮಾರ್ಜಿನ್’ ಇಡುತ್ತಾರೆ. ಹೊಸ ಚಿಪ್ ಓಡಬಲ್ಲ ವೇಗಕ್ಕಿಂತ ತುಸು ಕಡಿಮೆ ವೇಗ ನಮೂದಿಸುತ್ತಾರೆ, ಬೇಕಾದದ್ದಕ್ಕಿಂತ ತುಸು ಹೆಚ್ಚು ವೋಲ್ಟೇಜು ಕೊಡುತ್ತಾರೆ; ಮುಂದೆ ಮಂದವಾದಾಗಲೂ ಮಾತು ತಪ್ಪಬಾರದಲ್ಲ. ಎನ್‌ಬಿಟಿಐ ಸವೆತ ಕಾಲದ ಸುಮಾರು ಆರನೆಯ ಮೂಲಕ್ಕೆ ತಕ್ಕಂತೆ ಏರುತ್ತದೆ. ಮೊದಲ ದಿನ ಆದಷ್ಟು ಸವೆತ ದುಪ್ಪಟ್ಟಾಗಲು 64 ದಿನ ಬೇಕು. ನಮ್ಮ ಮುಪ್ಪು ಕೊನೆಗಾಲದಲ್ಲಿ ಓಡೋಡಿ ಬಂದರೆ, ಈ ಮುಪ್ಪು ಹುಟ್ಟಿದಂದೇ ಓಡಿ ಬಂದು ಆಮೇಲೆ ನಡೆಯತೊಡಗುತ್ತದೆ.

ಬೆಂಗಳೂರಿಗೆ ಈ ಲೆಕ್ಕ ದಿನದ ಕೆಲಸ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ವಿನ್ಯಾಸ ಕೇಂದ್ರ ತೆರೆದಲ್ಲಿಂದ ಬೆಳೆದ ಚಿಪ್ ವಿನ್ಯಾಸದ ನಗರ ಇದು. ವಿನ್ಯಾಸ ಕಾರ್ಖಾನೆಗೆ ಹೋಗುವ ಮುನ್ನ, ಅಂದರೆ ‘ಟೇಪ್‌ಔಟ್’ಗೆ ಮೊದಲು, ‘ಏಜಿಂಗ್ ಸಿಮ್ಯುಲೇಶನ್’ ಮಾಡುತ್ತಾರೆ. ಸರ್ಕಿಟನ್ನು ಒಮ್ಮೆ ಹಸುಗೂಸಿನಂತೆ, ಇನ್ನೊಮ್ಮೆ ಹತ್ತು ವರ್ಷ ದುಡಿದವನಂತೆ ಕಂಪ್ಯೂಟರಿನಲ್ಲಿ ಓಡಿಸಿ, ಎರಡೂ ಸಲ ತಾಳ ತಪ್ಪಲಿಲ್ಲವೆಂದರೆ ಮುಂದಿನ ಹೆಜ್ಜೆ. ಗುಜರಾತಿನ ಧೊಲೇರಾದಲ್ಲಿ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಟಾಟಾ ಕಾರ್ಖಾನೆ ಚಿಪ್ ಹೊರತರುವಾಗ ಆ ಆಯಸ್ಸಿನ ಲೆಕ್ಕವನ್ನು ನಮ್ಮ ನೆಲದ ಕುಲುಮೆಗಳಿಂದಲೇ ಕೊಡಬೇಕಾಗುತ್ತದೆ.

ಮತ್ತೆ ಅದೇ ಗಡಿಯಾರ

ಲೆಕ್ಕ ತಪ್ಪಿದರೆ ಸುದ್ದಿಯಾಗುತ್ತದೆ. ಪೆನ್‌ಡ್ರೈವ್, ಎಸ್‌ಎಸ್‌ಡಿಗಳಲ್ಲಿರುವ ಫ್ಲ್ಯಾಶ್ ಮೆಮೊರಿಯಲ್ಲಿ ಪ್ರತಿ ಸಲ ಬರೆದು ಅಳಿಸುವಾಗಲೂ ಎಲೆಕ್ಟ್ರಾನುಗಳನ್ನು ಅವಾಹಕ ಪದರದ ಮೂಲಕ ಬಲವಂತವಾಗಿ ಹಾಯಿಸುತ್ತಾರೆ. ಹಾಯಿಸಿದಷ್ಟೂ ಪದರಕ್ಕೆ ಗಾಯ. ಟೆಸ್ಲಾ ತನ್ನ ಹಳೆಯ ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳ ಪರದೆಯ ಹಿಂದೆ 8 ಜಿಬಿ ಫ್ಲ್ಯಾಶ್ ಇಟ್ಟಿತ್ತು. ಕಾರು ಓಡುತ್ತ ಅದರಲ್ಲಿ ಬರೆಯುತ್ತಲೇ ಹೋಗಿ ಪದರ ಸವೆಯಿತು, ಹಿಂಬದಿಯ ಕ್ಯಾಮೆರಾದ ಚಿತ್ರವೂ ಬಾರದಾಯಿತು. 2021ರಲ್ಲಿ ಅಮೆರಿಕದಲ್ಲಿ ಸುಮಾರು 1,35,000 ಕಾರುಗಳನ್ನು ದುರಸ್ತಿಗೆ ಕರೆಯಬೇಕಾಯಿತು.

2024ರಲ್ಲಿ ಇಂಟೆಲ್ ಮತ್ತೆ ಪೇಚಿಗೆ ಸಿಲುಕಿತು. ಅದರ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ತಿಂಗಳುಗಳ ಬಳಕೆಯ ನಂತರ ಹಠಾತ್ತನೆ ಕುಸಿಯುತ್ತಿದ್ದವು, ಅದರಲ್ಲೂ ಆಟವಾಡುವವರ ಕಂಪ್ಯೂಟರುಗಳಲ್ಲಿ. ಹೆಚ್ಚಿನ ವೋಲ್ಟೇಜು ಮತ್ತು ಬಿಸಿಗೆ ಬೇಗ ವಯಸ್ಸಾಗುವ ಒಂದು ಸರ್ಕಿಟ್ ಒಳಗಿದೆ ಎಂದು ಆ ಸೆಪ್ಟೆಂಬರಿನಲ್ಲಿ ಕಂಪನಿ ತಿಳಿಸಿತು. ಯಾವ ಪದರ, ಯಾವ ಬಂಧ ಎಂದು ಬಿಡಿಸಿ ಹೇಳಲಿಲ್ಲ. ಸರ್ಕಿಟ್ ಯಾವುದು ಎಂದು ಮಾತ್ರ ಹೇಳಿತು: ಕ್ಲಾಕ್ ಸರ್ಕಿಟ್. 2011ರಲ್ಲಿ ಸೊರಗಿದ್ದೂ ಅದೇ ಬಗೆಯದು. ಉಳಿದವರು ದುಡಿಯಲಿ, ಮಲಗಲಿ, ತಾಳ ಹಾಕುವವನಿಗೆ ವಿರಾಮ ಕಡಿಮೆ. ಅವನ ಹೆಜ್ಜೆ ಒಂದಿಷ್ಟು ಹಿಂದುಮುಂದಾದರೂ ಇಡೀ ಮೇಳ ಎಡವುತ್ತದೆ.

ಎರಡೂ ಸಲ ಇಂಟೆಲ್ ಮಾಡಿದ ಚಿಕಿತ್ಸೆ ಗಮನಿಸಬೇಕು. 2011ರಲ್ಲಿ ಟ್ರಾನ್ಸಿಸ್ಟರ್‌ಗಳ ಮೇಲೆ ಹಾಯುವ ಲೋಹದ ತಂತಿಗಳ ಪದರವೊಂದನ್ನು ತಿದ್ದಿತು. 2024ರಲ್ಲಿ ಪ್ರೊಸೆಸರ್ ಕೇಳುವ ವೋಲ್ಟೇಜನ್ನು ತಗ್ಗಿಸುವ ಮೈಕ್ರೊಕೋಡ್, ಅಂದರೆ ಪ್ರೊಸೆಸರ್ ಒಳಗಿನ ತಂತ್ರಾಂಶ, ಕಳುಹಿಸಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಗೋಡೆಯನ್ನು ದಪ್ಪ ಮಾಡುವ ಮಾತು ಎಲ್ಲೂ ಬರಲಿಲ್ಲ. ಆಗಲೇ ಸವೆದ ಚಿಪ್‌ಗಳನ್ನು ಮೈಕ್ರೊಕೋಡ್ ಮೊದಲಿನಂತೆ ಮಾಡಲೂ ಇಲ್ಲ. ಅವನ್ನು ಬದಲಿಸಿಯೇ ಕೊಡಬೇಕಾಯಿತು.